ಎಟಿವಿ ಟಿಕ್ ಎನ್ನುವುದು ಯಾವಾಗ?

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಕಾಫಿ ಬೆಳೆಗಾರರು, ಹೋಂಸ್ಟೇ ನಡೆಸುವವರು ಮತ್ತು ಮೆಕ್ಯಾನಿಕ್‌ಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಎಟಿವಿ, ಅಂದರೆ ಏರಿಳಿತದ ನೆಲದಲ್ಲೂ ಓಡುವ ನಾಲ್ಕು ದಪ್ಪ ಚಕ್ರದ ಗಾಡಿ, ಗ್ಯಾರೇಜಿಗೆ ಬಂದಾಗ ಮಾಲೀಕರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಎಂಜಿನ್ ಟಿಕ್ ಟಿಕ್ ಎನ್ನುತ್ತಿದೆ, ಟೈಮಿಂಗ್ ಚೈನ್ ಹೋಗಿರಬೇಕು, ನೋಡಿ." ರೋಗ ಯಾವುದೆಂದು ಅವರೇ ತೀರ್ಮಾನಿಸಿ ಬಂದಿರುತ್ತಾರೆ. ಮೆಕ್ಯಾನಿಕ್‌ಗೂ ಅದು ಅನುಕೂಲ. ಚೈನ್ ಬದಲಿಸಿ ಬಿಲ್ ಕೊಟ್ಟರಾಯಿತು. ಬದಲಿಸಿದ ಮೇಲೂ ಅದೇ ಸದ್ದು ಉಳಿದರೆ ಮಾತ್ರ ಇಬ್ಬರೂ ಮುಖ ಮುಖ ನೋಡಿಕೊಳ್ಳಬೇಕಾಗುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಮೊದಲು ಅದು ಯಾವಾಗ ಬರುತ್ತದೆ ಎಂದು ಕೇಳಿ. ಎಂಜಿನ್ನಿನ ಲೋಹದ ಮೈಯಲ್ಲಿ ಸದ್ದು ಎಲ್ಲೆಂದರಲ್ಲಿ ಓಡಾಡುತ್ತದೆ. ಹೆಡ್‌ನಲ್ಲಿ ಹುಟ್ಟಿದ್ದು ಕೆಳಗಿನ ಕೇಸಿನಲ್ಲಿ ಕೇಳಿಸಬಹುದು. ಜಾಗದ ವಿಷಯದಲ್ಲಿ ಕಿವಿ ಬೇಗ ಮೋಸಹೋಗುತ್ತದೆ, ಹೊತ್ತಿನ ವಿಷಯದಲ್ಲಿ ಅಷ್ಟು ಸುಲಭಕ್ಕೆ ಮೋಸಹೋಗುವುದಿಲ್ಲ.

ನಮ್ಮ ಗಾಡಿಗಳು ಬಾಳುವ ರೀತಿಯನ್ನು ಮೊದಲು ನೋಡಿ. ಸ್ಪ್ರೇ ಮಾಡುವಾಗ ಡ್ರಮ್ ಹೊತ್ತು, ಡಿಸೆಂಬರಿನಿಂದ ಮಾರ್ಚ್‌ವರೆಗಿನ ಕೊಯ್ಲಿನಲ್ಲಿ ಹಣ್ಣಿನ ಚೀಲಗಳನ್ನು ಹೇರಿಕೊಂಡು ಕಣದವರೆಗೆ ಹತ್ತಿ ಇಳಿಯುವುದೇ ಇವುಗಳ ಕೆಲಸ. ಚೀಲ ಏರಿಸುವಷ್ಟು ಹೊತ್ತೂ ಎಂಜಿನ್ ನಿಂತಲ್ಲೇ ಓಡುತ್ತಿರುತ್ತದೆ. ಕಿಲೋಮೀಟರ್ ಮೀಟರ್ ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಟೆಗೆ ಸರಾಸರಿ 10 ಕಿಲೋಮೀಟರ್ ವೇಗದಲ್ಲಿ ಓಡಿದ ಎಟಿವಿಯ ಮೀಟರ್ 3,000 ತೋರಿಸುತ್ತಿದ್ದರೆ, ಆ ಎಂಜಿನ್ 300 ಗಂಟೆ ತಿರುಗಿದೆ. ಸರಾಸರಿ 40ರಲ್ಲಿ ಓಡುವ ಬೈಕ್ ಅಷ್ಟೇ ಗಂಟೆಗಳಲ್ಲಿ 12,000 ಕಿಲೋಮೀಟರ್ ದಾಟಿರುತ್ತದೆ. ಆದ್ದರಿಂದ "ಇನ್ನೂ ಮೂರು ಸಾವಿರ ಓಡಿದೆಯಲ್ಲ, ಹೊಸ ಗಾಡಿ" ಎಂಬ ಮಾತನ್ನು ನಾನು ನಂಬುವುದಿಲ್ಲ. ಗಂಟೆಯ ಮೀಟರ್ ಇದ್ದರೆ ಅದನ್ನೇ ನೋಡಿ. ಇಲ್ಲದಿದ್ದರೆ ಒಂದನ್ನು ಹಾಕಿಸಿಕೊಳ್ಳಿ, ದುಬಾರಿಯ ವಸ್ತುವಲ್ಲ.

ಇನ್ನು ಹವೆ. ಭಾಗಮಂಡಲದ ಕಡೆಯ ತೋಟಗಳಿಗೆ ಮಳೆಯ ಕಾಟ, ಕುಶಾಲನಗರದ ಕಡೆಗೆ ಬಂದಂತೆ ಧೂಳಿನ ಕಾಟ. ಕಕ್ಕಡದ ಜಡಿಮಳೆಯ ತಿಂಗಳಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ ಐದು ನಿಮಿಷದಲ್ಲಿ ಮತ್ತೆ ಆಫ್ ಮಾಡಿದರೆ ಒಳಗೆ ಕಟ್ಟಿದ ತೇವ ಆವಿಯಾಗಿ ಹೊರಹೋಗಲು ಬೇಕಾದಷ್ಟು ಶಾಖವೇ ಹುಟ್ಟುವುದಿಲ್ಲ. ಆ ನೀರು ಆಯಿಲ್‌ನಲ್ಲಿ ಉಳಿಯುತ್ತದೆ. ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಅಂಥ ಆಯಿಲ್‌ನಲ್ಲಿ ಮೊದಲು ಸವೆಯುವ ಭಾಗಗಳಲ್ಲಿ ಟೈಮಿಂಗ್ ಚೈನ್ ಕೂಡ ಒಂದು, ಏಕೆಂದರೆ ಅದರ ಸಣ್ಣ ಸಣ್ಣ ಕೀಲುಗಳಿಗೆ ಆಯಿಲ್‌ನ ಪದರ ಬಿಟ್ಟರೆ ಬೇರೆ ರಕ್ಷಣೆಯಿಲ್ಲ.

ಚೈನ್ ಮಾಡುವ ಕೆಲಸ ಬಹುತೇಕರಿಗೆ ಗೊತ್ತು, ಚುಟುಕಾಗಿ ಹೇಳುತ್ತೇನೆ. ಪಿಸ್ಟನ್ ತಿರುಗಿಸುವ ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ, ವಾಲ್ವ್‌ಗಳನ್ನು ತೆರೆಯುವ ಮೇಲಿನ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗಬೇಕು. ಇವೆರಡನ್ನು ಕಟ್ಟಿಹಾಕುವುದು ಚೈನ್. ಅದು ಸಡಿಲವಾಗಿ ಬಡಿಯದಂತೆ ಒಂದು ಪಕ್ಕದಲ್ಲಿ ಗೈಡ್, ಇನ್ನೊಂದು ಪಕ್ಕದಲ್ಲಿ ಟೆನ್ಷನರ್ ಒತ್ತುವ ಪಟ್ಟಿ ಇರುತ್ತದೆ. ಎಲ್ಲ ಎಟಿವಿಗಳ ಕಟ್ಟಣೆಯೂ ಹೀಗೇ ಇರಬೇಕೆಂದಿಲ್ಲ. ಕೆಲವು ಮಾದರಿಗಳಲ್ಲಿ ಪುಶ್‌ರಾಡ್ ಎಂಬ ಉದ್ದನೆಯ ಕಡ್ಡಿ ಇದೆ, ಕೆಲವಲ್ಲಿ ಟ್ಯಾಪೆಟ್ (ವಾಲ್ವ್ ಒತ್ತುವ ರಾಕರ್ ಎಂಬ ತೋಳಿಗೂ ವಾಲ್ವಿಗೂ ನಡುವಿನ ಅಂತರ ಹೊಂದಿಸುವ ತಿರುಪು) ಹೊಂದಿಸುವ ಅಗತ್ಯವೇ ಇಲ್ಲದ ಹೈಡ್ರಾಲಿಕ್ ಲಿಫ್ಟರ್ ಇದೆ. ನಿಮ್ಮದು ಯಾವುದೆಂದು ಮ್ಯಾನ್ಯುಯಲ್ ನೋಡಿ ತಿಳಿದುಕೊಂಡೇ ಸ್ಪ್ಯಾನರ್ ಹಿಡಿಯಿರಿ.

ಈಗ "ಯಾವಾಗ" ಎಂಬ ಪ್ರಶ್ನೆಗೆ ಬರೋಣ. ಇಳಿಜಾರಿನಲ್ಲಿ ಇಳಿಯುವಾಗ ಮಾತ್ರ ಟಿಕ್ ಎನ್ನುತ್ತದೆ, ಸಮತಟ್ಟಿಗೆ ಬಂದರೆ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಚೈನ್ ಕಡೆ ತಿರುಗಿಯೂ ನೋಡುವುದಿಲ್ಲ. ಮೊದಲು ಆಯಿಲ್ ಮಟ್ಟ ನೋಡುತ್ತೇನೆ. ಆಯಿಲ್ ಕಡಿಮೆಯಿದ್ದು ಗಾಡಿ ಮುಂದಕ್ಕೆ ವಾಲಿದಾಗ ತಳದ ಆಯಿಲ್ ಒಂದು ಮೂಲೆಗೆ ಸರಿಯುತ್ತದೆ, ಪಂಪ್ ಹೀರುವ ಬಾಯಿಗೆ ಗಾಳಿ ಸಿಗುತ್ತದೆ, ಮೇಲಿನ ರಾಕರ್‌ಗಳು ಒಣಗುತ್ತವೆ. ನಮ್ಮ ತೋಟಗಳಲ್ಲಿ ಸಮತಟ್ಟಾದ ಜಾಗವೇ ಅಪರೂಪವಾದ್ದರಿಂದ ಓರೆಯಾಗಿ ನಿಂತ ಗಾಡಿಯಲ್ಲೇ ಡಿಪ್‌ಸ್ಟಿಕ್ ನೋಡಿ "ಫುಲ್ ಇದೆ" ಎನ್ನುವವರು ಬಹಳ. ಕಣದಲ್ಲಿ ನಿಲ್ಲಿಸಿ ನೋಡಿ, ಇಡೀ ತೋಟದಲ್ಲಿ ಮಟ್ಟಸವಾದ ನೆಲವೆಂದರೆ ಅದೊಂದೇ. ಡಿಪ್‌ಸ್ಟಿಕ್ ಅನ್ನು ತಿರುಗಿಸಿ ಕೂರಿಸಿ ನೋಡಬೇಕೋ, ಸುಮ್ಮನೆ ಇಳಿಬಿಟ್ಟು ನೋಡಬೇಕೋ ಎಂಬುದೂ ಮಾದರಿಯಿಂದ ಮಾದರಿಗೆ ಬೇರೆ.

ಆಯಿಲ್ ಮಟ್ಟ ಏರಿದ್ದರೆ ಖುಷಿಪಡಬೇಡಿ. ಕಾರ್ಬ್ಯುರೇಟರಿನ ನೀಡಲ್ ಸರಿಯಾಗಿ ಮುಚ್ಚದೆ ಪೆಟ್ರೋಲ್ ಸೋರಿ ಕ್ರ್ಯಾಂಕ್‌ಕೇಸಿಗೆ ಇಳಿದಿರಬಹುದು. ಡಿಪ್‌ಸ್ಟಿಕ್ ಮೂಗಿನ ಹತ್ತಿರ ಹಿಡಿದರೆ ತಿಳಿಯುತ್ತದೆ. ತೆಳ್ಳಗಾದ ಆಯಿಲ್ ಇರುವ ಎಂಜಿನ್ ಬಿಸಿಯಾದ ಮೇಲೆ ಟಿಕ್ ಎನ್ನಲು ಶುರುಮಾಡುತ್ತದೆ.

ಬೆಳಿಗ್ಗೆ ತಣ್ಣಗಿರುವಾಗ ಜೋರಾಗಿದ್ದು, ಬಿಸಿಯೇರಿದಂತೆ ಕರಗಿಹೋಗುವ ಸದ್ದು ಇನ್ನೊಂದು ಬಗೆ. ಇದರಲ್ಲಿ ಎರಡು ಸಾಧ್ಯತೆ. ಒಂದು, ಪಿಸ್ಟನ್ ಬೋರ್‌ಗೆ ಬಡಿಯುವುದು. ಅದು ಸ್ವಲ್ಪ ಮಂದವಾದ, ಟೊಳ್ಳಾದ ಸದ್ದು. ಇನ್ನೊಂದು, ಸೈಲೆನ್ಸರಿನ ಬೆಂಡ್ ಪೈಪ್ ಹೆಡ್‌ಗೆ ಕೂಡುವ ಜಾಗದಲ್ಲಿ ಪ್ಯಾಕಿಂಗ್ ಸೋರುವುದು. ಇದು ಟ್ಯಾಪೆಟ್ ಸದ್ದನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತದೆ ಎಂದರೆ ಅನುಭವಿಗಳೂ ಬೇಸ್ತು ಬೀಳುತ್ತಾರೆ. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಂಡು ಸದ್ದು ಅಡಗುತ್ತದೆ. ತಣ್ಣಗಿನ ಎಂಜಿನ್‌ನಲ್ಲಿ ಆ ಕೂಡುವ ಜಾಗಕ್ಕೆ ಸೋಪಿನ ನೀರು ಬಿಟ್ಟು, ಸ್ಟಾರ್ಟ್ ಮಾಡಿ, ದಪ್ಪ ಬಟ್ಟೆಯನ್ನು ಮಡಿಸಿ ಸೈಲೆನ್ಸರಿನ ಬಾಯಿಗೆ ಒಂದೆರಡು ಸೆಕೆಂಡ್ ಒತ್ತಿ ಹಿಡಿಯಿರಿ. ಸೋರಿಕೆಯಿದ್ದರೆ ಗುಳ್ಳೆ ಏಳುತ್ತದೆ, ಟಿಕ್ ಸದ್ದು ಹೆಚ್ಚುತ್ತದೆ. ಫ್ಲಾಂಜ್ ಸುತ್ತ ಕಪ್ಪು ಮಸಿಯ ಗೆರೆ ಇದ್ದರೆ ಇಷ್ಟನ್ನೂ ಮಾಡಬೇಕಿಲ್ಲ. ಇದೇ ಮಾತು ಸ್ಪಾರ್ಕ್ ಪ್ಲಗ್‌ಗೂ ಅನ್ವಯಿಸುತ್ತದೆ, ಸಡಿಲವಾದ ಪ್ಲಗ್ ಕೂಡ ಟಿಕ್ ಎನ್ನುತ್ತದೆ. ಸಣ್ಣದೊಂದು ಪ್ಯಾಕಿಂಗಿಗೆ ಹೋಗುವ ಕೆಲಸಕ್ಕೆ ಎಂಜಿನ್ ಬಿಚ್ಚಿ ಕುಳಿತರೆ ಯಾರನ್ನು ಬೈಯಬೇಕು?

ಐಡ್ಲಿಂಗ್‌ನಲ್ಲಿ ಮಾತ್ರ ಟಿಕ್ ಎಂದು, ಆಕ್ಸಿಲರೇಟರ್ ಕೊಂಚ ಒತ್ತಿದೊಡನೆ ಥಟ್ಟನೆ ನಿಲ್ಲುವ ಸದ್ದಿಗೆ ಕ್ಯಾಮ್‌ಶಾಫ್ಟ್ ಮೇಲಿನ ಡಿಕಂಪ್ರೆಸರ್ ಕಾರಣವಾಗಿರಬಹುದು. ಸ್ಟಾರ್ಟ್ ಮಾಡುವಾಗ ಎಕ್ಸಾಸ್ಟ್ ವಾಲ್ವನ್ನು ಚೂರು ಎತ್ತಿ ಹಿಡಿದು ಒತ್ತಡ ತಗ್ಗಿಸುವ ಚಿಕ್ಕ ಸಾಧನ ಅದು. ಐಡ್ಲಿಂಗ್ ತೀರಾ ತಗ್ಗಿದ್ದರೆ ಪೂರ್ತಿ ಹಿಂದೆ ಸರಿಯದೆ ತಟ್ಟುತ್ತಿರುತ್ತದೆ. ಐಡ್ಲಿಂಗ್ ವೇಗವನ್ನು ಮ್ಯಾನ್ಯುಯಲ್ ಹೇಳಿದಷ್ಟಕ್ಕೆ ತಂದರೆ ಎಷ್ಟೋ ಸಲ ಮುಗಿಯಿತು. ಬೆಲ್ಟ್ ಇರುವ ಗಾಡಿಗಳಲ್ಲಿ ಪುಲ್ಲಿಯ ರೋಲರ್ ಅಥವಾ ವೇಯ್ಟ್ ಸವೆದು ಮಾಡುವ ಗಲಗಲ ಕೂಡ ಐಡ್ಲಿಂಗ್‌ನಲ್ಲೇ ಹೆಚ್ಚು, ಆದರೆ ಅದು ಬೆಲ್ಟ್ ಕವರಿನ ಕಡೆಯಿಂದ ಬರುತ್ತದೆ.

ಇಲ್ಲಿ ಒಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ. ಸಿಂಗಲ್ ಸಿಲಿಂಡರ್ ಎಂಜಿನ್ ನಿಮಿಷಕ್ಕೆ 1,200 ಸುತ್ತಿನಲ್ಲಿ ಐಡ್ಲಿಂಗ್ ಆಗುತ್ತಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ 20 ಸುತ್ತು, ಕ್ಯಾಮ್ 10 ಸುತ್ತು ತಿರುಗುತ್ತಿರುತ್ತದೆ. ಸಡಿಲವಾದ ಒಂದು ಟ್ಯಾಪೆಟ್ ಸೆಕೆಂಡಿಗೆ 10 ಸಲ ಬಡಿಯುತ್ತದೆ. ಕೆಳಗಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದ್ದರೆ ಬಡಿತ ಕ್ರ್ಯಾಂಕಿನ ವೇಗವನ್ನೇ ಹಿಡಿಯುತ್ತದೆ, ಭಾರ ಬಿದ್ದಾಗ ಜೋರಾಗುತ್ತದೆ, ಮತ್ತು ಅದು ಟಿಕ್ ಅಲ್ಲ, ಡಬ್ ಡಬ್. ಕಿವಿಗೆ ಇದನ್ನು ಎಣಿಸಲು ಆಗುವುದಿಲ್ಲ, ಮೊಬೈಲಿಗೆ ಆಗುತ್ತದೆ. ಸದ್ದನ್ನು ರೆಕಾರ್ಡ್ ಮಾಡಿ, ಧ್ವನಿಯ ಅಲೆಗಳನ್ನು ತೋರಿಸುವ ಯಾವುದಾದರೂ ಆಪ್‌ನಲ್ಲಿ ಒಂದು ಸೆಕೆಂಡಿನ ಭಾಗವನ್ನು ಹಿಗ್ಗಿಸಿ ನೋಡಿ, ಶಿಖರಗಳನ್ನು ಎಣಿಸಿ. ಎರಡು ವಾಲ್ವ್‌ಗಳೂ ಸಡಿಲವಿದ್ದರೆ 20 ಬರಬಹುದು, ಆದರೆ ಅಂತರ ಸಮವಾಗಿರುವುದಿಲ್ಲ. ಸೋರುವ ಪ್ಯಾಕಿಂಗ್ ಕೂಡ 10ರ ಲೆಕ್ಕಕ್ಕೇ ಬೀಳುತ್ತದೆ, ಹಾಗಾಗಿ ಸೋಪಿನ ನೀರಿನ ಪರೀಕ್ಷೆ ಮೊದಲು ಮುಗಿದಿರಲಿ. ಚೈನ್ ಸದ್ದು ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅದು ಒಂದೊಂದೇ ಬಡಿತವಲ್ಲ, ಅಡ್ಡಾದಿಡ್ಡಿಯಾದ ಕರಕರ.

ಟ್ಯಾಪೆಟ್ ಹೊಂದಿಸುವುದನ್ನು ಇಲ್ಲಿರುವ ಮೆಕ್ಯಾನಿಕ್‌ಗಳಿಗೆ ನಾನು ಕಲಿಸಬೇಕಿಲ್ಲ. ಆದರೂ ಮೂರು ಮಾತು ಹೇಳದೆ ಬಿಡಲಾರೆ. ಎಂಜಿನ್ ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾಗಿರಬೇಕು, ಚಹಾ ಕುಡಿದು ಬರುವಷ್ಟು ಹೊತ್ತು ಬಿಟ್ಟರೆ ಸಾಲದು. ಪಿಸ್ಟನ್ ಮೇಲಿನ ತುದಿಗೆ ಬಂದಿದೆ ಎಂದು ಹೇಳುವ, ಮ್ಯಾಗ್ನೆಟ್ ಮೇಲಿನ ಟಿ ಗುರುತು ಕಿಂಡಿಯಲ್ಲಿ ಕಂಡಿತೆಂದರೆ ಸಾಲದು, ಅದು ಎರಡು ಸುತ್ತಿನಲ್ಲಿ ಎರಡು ಸಲ ಕಾಣುತ್ತದೆ. ಎರಡೂ ರಾಕರ್‌ಗಳು ಕೈಯಲ್ಲಿ ಚೂರು ಅಲುಗಾಡುತ್ತಿದ್ದರೆ ಮಾತ್ರ ಅದು ಕಂಪ್ರೆಷನ್ನಿನ ತುದಿ. ಲಾಕ್‌ನಟ್ ಬಿಗಿದ ಮೇಲೆ ಅಂತರ ಅಳೆಯುವ ಫೀಲರ್ ಗೇಜ್ ಮತ್ತೊಮ್ಮೆ ಹಾಕಿ, ಬಿಗಿಯುವಾಗ ಅಂತರ ಬದಲಾಗುತ್ತದೆ. ಅನೇಕ ಸಣ್ಣ ಎಂಜಿನ್‌ಗಳಲ್ಲಿ ಇದು 0.10 ಮಿಲಿಮೀಟರಿನ ಆಸುಪಾಸಿನಲ್ಲಿ ಇರುತ್ತದೆ, ನಿಮ್ಮ ಗಾಡಿಯದ್ದು ಎಷ್ಟೆಂದು ಅದರ ಮ್ಯಾನ್ಯುಯಲ್ಲೇ ಹೇಳಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಟಿಕ್ ಹೋಗದಿದ್ದರೆ ರಾಕರ್‌ನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ವಾಲ್ವ್ ಕಾಂಡವನ್ನು ಒತ್ತುವ ಜಾಗದಲ್ಲಿ ಉಗುರಿಗೆ ಸಿಗುವಂಥ ಚಿಕ್ಕ ತಗ್ಗು ಬಿದ್ದಿರುತ್ತದೆ. ಫೀಲರ್ ಗೇಜ್ ಚಪ್ಪಟೆಯಾದ ಪಟ್ಟಿ, ಅದು ಆ ತಗ್ಗಿಗೆ ಇಳಿಯುವುದಿಲ್ಲ, ಎರಡು ಅಂಚುಗಳ ಮೇಲೆ ಕುಳಿತು "ಸರಿಯಿದೆ" ಎಂದು ತೋರಿಸುತ್ತದೆ. ಒಳಗಿನ ನಿಜವಾದ ಅಂತರ ಅದಕ್ಕಿಂತ ಹೆಚ್ಚಿರುತ್ತದೆ. ಈ ರಾಕರ್ ಬದಲಿಸದೆ ಸದ್ದು ಹೋಗುವುದಿಲ್ಲ.

ನನಗೆ ಟಿಕ್ ಎನ್ನುವ ಟ್ಯಾಪೆಟ್‌ಗಿಂತ ತೆಪ್ಪಗಿರುವ ಟ್ಯಾಪೆಟ್ ಬಗ್ಗೆಯೇ ಹೆಚ್ಚು ಭಯ. ಎಕ್ಸಾಸ್ಟ್ ವಾಲ್ವ್ ತನ್ನ ಸೀಟಿನೊಳಗೆ ಇಳಿಯುತ್ತಾ ಹೋದಂತೆ ಅಂತರ ಕಡಿಮೆಯಾಗಿ ಸದ್ದು ಕುಗ್ಗುತ್ತದೆ. ಮಾಲೀಕರಿಗೆ ಸಂತೋಷ. ಅಂತರ ಪೂರ್ತಿ ಮುಗಿದ ದಿನ ವಾಲ್ವ್ ಮುಚ್ಚುವುದೇ ಇಲ್ಲ. ವಾಲ್ವ್ ತನ್ನ ಬಿಸಿಯನ್ನು ಬಿಟ್ಟುಕೊಡುವುದು ಮುಖ್ಯವಾಗಿ ಸೀಟಿಗೆ ತಾಗಿದಾಗ. ತಾಗದಿದ್ದರೆ ಅಂಚು ಸುಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವ, ಬಿಸಿಯಾದ ಮೇಲೆ ಐಡ್ಲಿಂಗ್ ಹಿಡಿಯದೆ ಆಫ್ ಆಗುವ, ಆದರೆ ಬಹಳ ಮೆಲ್ಲಗೆ ಓಡುವ ಎಟಿವಿ ಇದ್ದರೆ ಅದನ್ನು ಹೊಗಳಬೇಡಿ, ನಾಳೆಯೇ ಹೆಡ್ ಕವರ್ ತೆಗೆಸಿ.

ಇಷ್ಟು ದಾರಿ ಮುಗಿದ ಮೇಲೆ ಚೈನ್ ಸರದಿ. ಚೈನ್ ಸಡಿಲವಾದ ಎಂಜಿನ್ ಆಕ್ಸಿಲರೇಟರ್ ಬಿಟ್ಟ ಕ್ಷಣದಲ್ಲಿ ತನ್ನ ಗುಟ್ಟು ಹೇಳುತ್ತದೆ. ರೇಸ್ ಮಾಡಿ ಥಟ್ಟನೆ ಬಿಟ್ಟಾಗ ಸ್ಫೋಟದ ಸದ್ದು ಅಡಗಿ, ಚೈನ್ ತನ್ನ ಸುರಂಗದ ಗೋಡೆಗೆ ಹೊಡೆಯುವ ಕರಕರ ಬಯಲಿಗೆ ಬರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಒಂದೆರಡು ಸೆಕೆಂಡ್ ಗಲಗಲ ಎಂದು ಸುಮ್ಮನಾಗುವುದು ಆಯಿಲ್ ಒತ್ತಡದಿಂದ ನಡೆಯುವ ಟೆನ್ಷನರ್‌ನ ಲಕ್ಷಣ: ರಾತ್ರಿ ಒಳಗಿನ ಆಯಿಲ್ ಇಳಿದುಹೋಗಿರುತ್ತದೆ. ಒಂದೆರಡು ಸೆಕೆಂಡ್ ಇದ್ದರೆ ಗಮನಿಸುತ್ತಿರಿ, ಬೆಳೆಯುತ್ತಾ ಹೋದರೆ ಬಿಡಬೇಡಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸಿಲಿಂಡರಿನ ಚೈನ್ ಇರುವ ಪಕ್ಕಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ತಾಗಿಸಿ ಕೇಳಿ, ಆಮೇಲೆ ಎದುರು ಪಕ್ಕವನ್ನು ಕೇಳಿ. ಎರಡರ ವ್ಯತ್ಯಾಸವೇ ಸಾಕ್ಷಿ. ಶಾಲು, ಸಡಿಲ ತೋಳು, ಜಡೆ ಫ್ಯಾನಿನ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಈಗ ಟೆನ್ಷನರ್. ಹೆಚ್ಚಿನವುಗಳಲ್ಲಿ ಸ್ಪ್ರಿಂಗ್ ಒಂದು ದಂಡವನ್ನು ಹೊರಕ್ಕೆ ತಳ್ಳುತ್ತದೆ, ಹಲ್ಲುಗಳುಳ್ಳ ಕಚ್ಚು ಅದನ್ನು ಹಿಂದೆ ಬರದಂತೆ ಹಿಡಿಯುತ್ತದೆ. ಎರಡು ಬೋಲ್ಟ್ ಸಡಿಲಿಸಿದರೆ ಸಾಕು, ದಂಡ ಟಕಟಕನೆ ಮುಂದಕ್ಕೆ ಜಿಗಿದು ಅಲ್ಲೇ ಕಚ್ಚಿಕೊಳ್ಳುತ್ತದೆ. "ಅಯ್ಯೋ ಬೇಡ" ಎಂದು ಅದೇ ಬೋಲ್ಟ್‌ಗಳನ್ನು ಮತ್ತೆ ಬಿಗಿದರೆ ಚೈನ್ ತಂತಿಯಂತೆ ಬಿಗಿದು, ಗೈಡ್ ಕೆಲವೇ ಗಂಟೆಗಳಲ್ಲಿ ಸವೆಯುತ್ತದೆ. ಮೊದಲು ನಡುವಿನ ಬೋಲ್ಟ್ ಮತ್ತು ಸ್ಪ್ರಿಂಗ್ ತೆಗೆಯಿರಿ, ಆಮೇಲೆ ಇಡೀ ಟೆನ್ಷನರ್ ಹೊರತೆಗೆಯಿರಿ. ದಂಡ ಎಷ್ಟು ಹಲ್ಲು ಹೊರಬಂದಿದೆ ಎಂದು ಅದನ್ನು ಮುಟ್ಟುವ ಮೊದಲೇ ಎಣಿಸಿಕೊಳ್ಳಿ. ಬಹುತೇಕ ಕೊನೆಯ ಹಲ್ಲಿಗೆ ಬಂದಿದ್ದರೆ ಚೈನ್ ಮುಗಿಯಿತು ಎಂದರ್ಥ. ಇನ್ನೂ ಅರ್ಧ ಬಾಕಿಯಿದ್ದೂ ಚೈನ್ ಸಡಿಲವಾಗಿತ್ತೆಂದರೆ ತಪ್ಪು ಚೈನಿನದಲ್ಲ, ಟೆನ್ಷನರಿನದು. ದಂಡದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ. ಕಚ್ಚು ಬಿಡಿಸದೆ ಅದು ಹಿಂದೆ ಹೋಗಬಾರದು. ಹೋದರೆ ಕಚ್ಚಿನ ಹಲ್ಲು ಸವೆದಿದೆ. ಟೆನ್ಷನರ್ ಹೊರಗಿರುವಾಗ ಮಾತ್ರ ಕ್ರ್ಯಾಂಕನ್ನು ಯಾರೂ ತಿರುಗಿಸಬಾರದು. ಪಕ್ಕದಲ್ಲಿ ನಿಂತ ಹುಡುಗ ಕುತೂಹಲಕ್ಕೆ ಸ್ಟಾರ್ಟ್ ಮಾಡುವ ರೋಪ್ ಎಳೆದರೂ ಸಾಕು, ಚೈನ್ ಹಲ್ಲು ಹಾರುತ್ತದೆ.

ಚೈನ್ ಉದ್ದವಾಗುವುದು ಅದರ ಪಟ್ಟಿಗಳು ಹಿಗ್ಗುವುದರಿಂದಲ್ಲ. ಪ್ರತಿ ಕೀಲಿನ ಪಿನ್ ಮತ್ತು ತೂತು ಚೂರು ಚೂರೇ ಸವೆದು, ಆ ಎಲ್ಲ ಚೂರುಗಳೂ ಸೇರಿ ಒಟ್ಟಾರೆ ಉದ್ದ ಹೆಚ್ಚುತ್ತದೆ. ಆಗ ಕ್ಯಾಮ್ ಕ್ರ್ಯಾಂಕಿಗಿಂತ ಹಿಂದೆ ಬೀಳುತ್ತದೆ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚಿ, ಕೆಳಗಿನ ವೇಗದಲ್ಲಿ ಎಳೆತ ತಗ್ಗುತ್ತದೆ. ಏರು ಹತ್ತುವಾಗ ಹಿಂದೆ ಇದ್ದ ದಮ್ಮು ಇಲ್ಲ ಎಂದು ಡ್ರೈವರ್ ಹೇಳಿದರೆ ಈ ಮಾತನ್ನು ನೆನಪಿನಲ್ಲಿಡಿ. ಹೆಡ್ ಕವರ್ ತೆಗೆದು, ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ, ಟಿ ಗುರುತು ಕೂಡಿಸಿ, ಕ್ಯಾಮ್ ಗಾಲಿಯ (ಚೈನ್ ತಿರುಗಿಸುವ ಹಲ್ಲಿನ ಗಾಲಿ) ಗೆರೆ ಹೆಡ್‌ನ ಅಂಚಿಗೆ ಸಮವಿದೆಯೇ ನೋಡಿ. ಕೂದಲೆಳೆ, ಅರ್ಧ ಹಲ್ಲಿನಷ್ಟು ಹಿಂದಿದ್ದರೆ ಸವೆತ. ಪೂರ್ತಿ ಒಂದು ಹಲ್ಲು ತಪ್ಪಿದ್ದರೆ ಚೈನ್ ಹಾರಿದೆ, ಅಥವಾ ಹಿಂದೆ ಯಾರೋ ಕೂರಿಸುವಾಗಲೇ ತಪ್ಪಿಸಿದ್ದಾರೆ. ಕ್ಯಾಮ್ ಗಾಲಿಗೆ 32 ಹಲ್ಲಿದ್ದರೆ ಒಂದು ಹಲ್ಲಿನ ತಪ್ಪು ಕ್ಯಾಮ್‌ನಲ್ಲಿ 11.25 ಡಿಗ್ರಿ, ಕ್ರ್ಯಾಂಕಿನಲ್ಲಿ 22.5 ಡಿಗ್ರಿ. ಗಾಡಿ ಓಡಬಹುದು, ಆದರೆ ನರಳುತ್ತಾ ಓಡುತ್ತದೆ. ಇನ್ನೂ ಒಂದೆರಡು ಹಲ್ಲು ಹಾರಿದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ಹೊಡೆದು ಬಾಗುತ್ತದೆ.

ಆಯಿಲ್ ಬದಲಿಸುವಾಗ ಹಳೆಯದನ್ನು ಬೇಲಿಯ ಬುಡಕ್ಕೆ ಸುರಿಯುವ ಅಭ್ಯಾಸ ಬಿಡಿ. ತೋಟದ ನೀರು ಕೊನೆಗೆ ಸೇರುವುದು ಹೊಳೆಗೆ, ಅದು ಒಂದು. ಆ ಆಯಿಲ್‌ನಲ್ಲಿ ನಿಮಗೆ ಬೇಕಾದ ಸುದ್ದಿ ಇದೆ, ಅದು ಇನ್ನೊಂದು. ಬಿಳಿಯ ತಟ್ಟೆಗೆ ಬಸಿದು ಬಿಸಿಲಿಗೆ ಹಿಡಿಯಿರಿ. ಪ್ಲಾಸ್ಟಿಕ್ಕಿನ ಕಪ್ಪು ಅಥವಾ ಕಂದು ಚೂರುಗಳಿದ್ದರೆ ಗೈಡ್ ಒಡೆಯುತ್ತಿದೆ. ಮಿನುಗುವ ಪುಡಿ ಇದ್ದರೆ ಆಯಸ್ಕಾಂತ ತನ್ನಿ. ಅಂಟದ ಪುಡಿ ಹೆಚ್ಚಾಗಿ ಅಲ್ಯುಮಿನಿಯಂ, ಚೈನ್ ಕೇಸನ್ನು ಕೆರೆಯುತ್ತಿರಬಹುದು. ಅಂಟುವ ಪುಡಿ ಉಕ್ಕು. ಡ್ರೈನ್ ಪ್ಲಗ್ಗಿನ ಆಯಸ್ಕಾಂತದ ಮೇಲೆ ಬೂದುಬಣ್ಣದ ತೆಳು ಕೆಸರು ಇರುವುದು ಸಹಜ, ಬೆರಳಿಗೆ ಚುಚ್ಚುವ ಚೂರು ಸಹಜವಲ್ಲ.

ಸದ್ದು ಅಡಗಿಸಲು ದಪ್ಪನೆಯ ಆಯಿಲ್ ಸುರಿಯುವ ಸಲಹೆಯನ್ನು ನಾನು ಸಲಹೆ ಎಂದು ಕರೆಯಲಾರೆ. ಮಾರುವವರಿಗೆ ಅದರಿಂದ ಲಾಭ ಇರಬಹುದು. ಡಿಸೆಂಬರಿನ ಮಡಿಕೇರಿ ಚಳಿಯಲ್ಲಿ ದಪ್ಪ ಆಯಿಲ್ ಹೆಡ್‌ವರೆಗೆ ಏರಲು ತಡಮಾಡುತ್ತದೆ, ಕ್ಯಾಮ್ ಮತ್ತು ರಾಕರ್ ಅಷ್ಟು ಹೊತ್ತು ಒಣಗಿಯೇ ಉಜ್ಜಿಕೊಳ್ಳುತ್ತವೆ. ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವ ಮಾದರಿಗಳಿಗೆ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ತೊಂದರೆಯೂ ಸೇರಿಕೊಳ್ಳಬಹುದು. ಅಂಥವಕ್ಕೆ ಡಬ್ಬಿಯ ಮೇಲೆ ಜಾಸೊ ಎಂಎ ಎಂಬ ಗುರುತು ಇದೆಯೇ ಎಂದು ನೋಡಿ ಕೊಳ್ಳಿ.

ಮಾತು ಮುಗಿದ ಮೇಲೆ ಸಭಿಕರೊಬ್ಬರು, ಚೈನ್ ಮಾತ್ರ ಹೊಸದು ಹಾಕಿದರೆ ಸಾಲದೇ ಎಂದು ಕೇಳಿದರು. ಸಾಲದು. ಹಳೆಯ ಗಾಲಿಯ ಹಲ್ಲು ಹಳೆಯ ಚೈನಿನ ಉದ್ದಕ್ಕೆ ಹೊಂದಿಕೊಂಡು ಸವೆದಿರುತ್ತದೆ. ಅದರ ಮೇಲೆ ಹೊಸ ಚೈನ್ ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ. ಚೈನ್, ಕ್ಯಾಮ್ ಗಾಲಿ, ಗೈಡ್, ಟೆನ್ಷನರ್ ಒತ್ತುವ ಪಟ್ಟಿ ಒಟ್ಟಿಗೆ ಬದಲಾಗಲಿ, ಟೆನ್ಷನರ್ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಹಳೆಯದೇ ಇರಲಿ. ಕ್ರ್ಯಾಂಕಿನ ಹಲ್ಲು ಅನೇಕ ಗಾಡಿಗಳಲ್ಲಿ ಶಾಫ್ಟಿಗೇ ಸೇರಿರುವುದರಿಂದ ಅದನ್ನು ಕಣ್ಣಿನಿಂದ ನೋಡಿ ತೀರ್ಮಾನಿಸಬೇಕು. ಎಲ್ಲ ಕೂರಿಸಿದ ಮೇಲೆ ಪ್ಲಗ್ ತೆಗೆದು, ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಾರೆ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳನ್ನು ಮತ್ತೆ ನೋಡಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ಸೆಲ್ಫ್ ಬಟನ್ ಒತ್ತುವುದು ಇದಾದ ಮೇಲೆ.

ಇನ್ನೊಬ್ಬರದು ಹಳೆಯ ಎಟಿವಿ ಕೊಳ್ಳುವ ಪ್ರಶ್ನೆ. ಹೋಂಸ್ಟೇಗಳಲ್ಲಿ ರೈಡ್‌ಗೆ ಓಡಿಸಿದ ಗಾಡಿಗಳು ಈಗ ಮಾರಾಟಕ್ಕೆ ಬರುತ್ತಿವೆಯಂತೆ. ನೋಡಲು ಬೆಳಿಗ್ಗೆಯೇ ಹೋಗಿ, ಹೇಳದೆ ಹೋದರೆ ಇನ್ನೂ ಒಳ್ಳೆಯದು. ಮೊದಲು ಸಿಲಿಂಡರಿಗೆ ಕೈ ತಾಗಿಸಿ. ಬೆಚ್ಚಗಿದ್ದರೆ ಮಾರುವವರು ನಿಮಗಿಂತ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಮೊದಲ ಎರಡು ಸೆಕೆಂಡಿನ ಸದ್ದು ನಿಮಗೆ ಸಿಗುವುದಿಲ್ಲ. ಆಗ ದರದ ಮಾತೆತ್ತದೆ, ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಎದ್ದು ಬನ್ನಿ.